ದೂರಿನಕ್ಕನ ಹತ್ತು ನಿಮಿಷ

ನಮ್ಮ ಈಜುಕೊಳದಲ್ಲಿ ದೊಡ್ಡವರ ತಂಡ ಅಂತ ಒಂದಿದೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಹದಿನಾಲ್ಕು ಹೊಟ್ಟೆಗಳು ನೀರಿಗೆ ಇಳಿಯುತ್ತವೆ. ಅದರಲ್ಲಿ ನನ್ನದೂ ಒಂದು. ಸೇರುವ ದಿನ ಎಲ್ಲರಿಂದಲೂ ಒಂದು ಅರ್ಜಿ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ 'ನಿಮ್ಮ ಗುರಿ' ಎಂದು ಕೇಳಿರುತ್ತಾರೆ. ಸೊಂಟನೋವು ಹೋಗಬೇಕು, ತೂಕ ಇಳಿಯಬೇಕು ಎಂದೆಲ್ಲ ನಾವು ಪಾಪ ಮನಸ್ಸು ಬಿಚ್ಚಿ ಬರೆದುಕೊಟ್ಟೆವು. ತರಬೇತುದಾರರು ಅವನ್ನೆಲ್ಲ ಒಂದು ಮರದ ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಮನುಷ್ಯ ಸ್ವಲ್ಪ ಗಿಡ್ಡ. ಅಂದಿನಿಂದ ಆ ಪೆಟ್ಟಿಗೆಯ ಮೇಲೆ ನಿಂತೇ ಸೀಟಿ ಊದುತ್ತಾರೆ. ನಾವು ಅವರನ್ನು ಸೀಟಿ ಮೇಷ್ಟ್ರು ಅನ್ನುತ್ತೇವೆ, ಅವರು ದೂರ ಇದ್ದಾಗ.

ಆ ಪೆಟ್ಟಿಗೆಯೊಳಗಿದ್ದ ಒಂದು ಅರ್ಜಿ ದೂರಿನಕ್ಕನದು. ವಯಸ್ಸು ಐವತ್ನಾಲ್ಕು. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕಿವಿಗೆ ಹೆಡ್‌ಫೋನು. 'ನೀರು ಬಂದಿಲ್ಲ' ಎಂಬ ಒಂದೇ ಮಾತನ್ನು ಊರಿನ ಅಷ್ಟೂ ಗಂಟಲುಗಳಿಂದ ಕೇಳಿ, ಬರೆದುಕೊಂಡು, 'ಕಳಿಸ್ತೀವಿ' ಅನ್ನಬೇಕು. ಮನೆಗೆ ಬಂದರೆ ಅಲ್ಲೂ ಅದೇ ಕೆಲಸ, ಹೆಡ್‌ಫೋನು ಮಾತ್ರ ಇಲ್ಲ. ಒಂದು ಕೋಣೆಯಿಂದ ಅತ್ತೆ, ಸ್ನಾನದ ಮನೆಯಿಂದ ಟವೆಲ್ಲಿಗಾಗಿ ಮಗ. ಗಂಡ ಒಳ್ಳೆಯವರೇ, ಆದರೆ ಮೂಗಿನ ಮೇಲಿರುವ ಕನ್ನಡಕವನ್ನೂ ಹೆಂಡತಿಯನ್ನು ಕೂಗಿಯೇ ಹುಡುಕುವ ಜಾತಿ.

ಅಕ್ಕ ಅರ್ಜಿಯಲ್ಲಿ ಬರೆದದ್ದು ಇಷ್ಟು: 'ಎರಡೂ ಕಿವಿ ನೀರೊಳಗಿಟ್ಟು, ಅಂಗಾತ, ಹತ್ತು ನಿಮಿಷ ತೇಲಬೇಕು.'

ಈಜು ಕಲಿತ ತಿಂಗಳಿಗೆ ಅವರು ಮೇಷ್ಟ್ರ ಹತ್ತಿರ ಹೋದರು. "ಸಾರ್, ಕೊನೇಲಿ ಒಂದು ಹತ್ತು ನಿಮಿಷ ತೇಲೋಕೆ ಬಿಡ್ತೀರಾ?"

"ತೇಲೋದಾ?" ಮೇಷ್ಟ್ರು ಸೀಟಿ ಬಾಯಿಂದ ತೆಗೆದರು. "ತೇಲೋದೇನಮ್ಮಾ, ಮರದ ತುಂಡೂ ತೇಲುತ್ತೆ. ಮೊದಲು ಬೋರ್ಡಲ್ಲಿರೋದು ಮುಗಿಸಿ. ಆಮೇಲೆ ನಿಮ್ಮಿಷ್ಟ."

ಈ ಬೋರ್ಡಿನ ಮಹಿಮೆ ಹೇಳಲೇಬೇಕು. ಬಿಳಿ ಬೋರ್ಡು, ನೀಲಿ ಅಕ್ಷರ: ಇಷ್ಟು ಸುತ್ತು ಕೈ, ಇಷ್ಟು ಸುತ್ತು ಕಾಲು, ನಡುವೆ ಇಪ್ಪತ್ತು ಸೆಕೆಂಡು ಉಸಿರಾಡಲು ಅನುಮತಿ. ಬೇಗ ಮುಗಿಸಿದರೆ ತೇಲಬಹುದಲ್ಲ ಎಂದು ಅಕ್ಕ ಜೋರಾಗಿ ಈಜಿದರು. ಜೋರಾಗಿ ಈಜಿದ್ದನ್ನು ನೋಡಿ ಮೇಷ್ಟ್ರು ಇನ್ನೂ ನಾಲ್ಕು ಸುತ್ತು ಸೇರಿಸಿದರು. ಅಕ್ಕ ಇನ್ನೂ ಜೋರು ಮಾಡಿದರು, ಮೇಷ್ಟ್ರು ಇನ್ನೊಂದು ಸಾಲು ಬರೆದರು. ಅಷ್ಟರಲ್ಲಿ ಏಳು ಗಂಟೆ, ಮಕ್ಕಳ ತಂಡ ದಬದಬ ನೀರಿಗೆ ಹಾರುತ್ತಿತ್ತು. ಹೀಗೆ ಎಂಟು ತಿಂಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

"ಅಕ್ಕಾ, ನಾನು ಆರು ಸುತ್ತು ಹಾಕಿ ಎಂಟು ಅಂತೀನಿ. ನೀವೂ ಹಾಗೇ ಮಾಡಿ," ಎಂದು ನನಗೆ ತಿಳಿದ ಬುದ್ಧಿ ಹೇಳಿದೆ.

"ನನ್ನ ಕೈಲಾಗಲ್ಲಪ್ಪ. ಬರೆದಿದ್ದನ್ನ ಅರ್ಧಕ್ಕೆ ಬಿಟ್ಟು ಅಭ್ಯಾಸ ಇಲ್ಲ," ಅಂದರು.

ತೇಲಲು ಬಂದ ಹೆಂಗಸು ಹೀಗೆ ಯಾರೂ ಕೇಳದೆ, ತಾನೂ ಬಯಸದೆ, ತಂಡದಲ್ಲೇ ಎಲ್ಲರಿಗಿಂತ ವೇಗದ ಈಜುಗಾರ್ತಿಯಾಗಿಬಿಟ್ಟರು. ಐವತ್ತು ದಾಟಿದವರ ನೂರು ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗೆ ಮೇಷ್ಟ್ರೇ ಅವರ ಹೆಸರು ಕೊಟ್ಟರು.

"ಫ್ರೀಸ್ಟೈಲ್ ಅಂದ್ರೆ ನಿಯಮದ ಪ್ರಕಾರ ಹೇಗೆ ಬೇಕಾದ್ರೂ ಈಜಬಹುದು," ಎಂದು ವಿವರಿಸಿದರು. "ಆದ್ರೆ ನೀವು ನಾನು ಹೇಳಿದ ಹಾಗೇ ಈಜಬೇಕು."

"ಗೆದ್ದರೆ ಹತ್ತು ನಿಮಿಷ ಕೊಡ್ತೀರಾ ಸಾರ್?"

"ಗೆದ್ದರೆ ಮುಂದಿನ ಹಂತ! ದಿನಕ್ಕೆ ಎರಡು ಹೊತ್ತು ಅಭ್ಯಾಸ!"

ಅಕ್ಕನ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಗೆದ್ದರೆ ಆ ಹತ್ತು ನಿಮಿಷ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

ಸ್ಪರ್ಧೆಯ ದಿನ ಗ್ಯಾಲರಿಯಲ್ಲಿ ಅತ್ತೆ, ಗಂಡ, ಮಗ, ನಾವು ಹದಿಮೂರು ಜನ. ಎಂಟು ಹೆಂಗಸರು ಧುಮುಕಿದರು. ಮೂರು ಸುತ್ತು ಮುಗಿಯುವಾಗ ಅಕ್ಕ ಎಲ್ಲರಿಗಿಂತ ಎರಡು ಮಾರು ಮುಂದೆ. ಮೇಷ್ಟ್ರು ಕುಣಿಯುತ್ತಿದ್ದರು. ನಾಲ್ಕನೆಯದರ ನಟ್ಟನಡುವೆ ಅಕ್ಕ ನಿಂತರು. ಗೋಡೆಯ ಗಡಿಯಾರ ನೋಡಿದರು. ಮೆಲ್ಲಗೆ ಮಗುಚಿ, ಅಂಗಾತ ಮಲಗಿಬಿಟ್ಟರು.

ಎದೆನೋವೇ ಇರಬೇಕೆಂದು ಕೊಳದ ಕಾವಲಿನವನು ನೀರಿಗೆ ಹಾರಿದ. ಅಕ್ಕ ತಲೆ ಎತ್ತಿ, "ಚೆನ್ನಾಗಿದೀನಪ್ಪ, ತೇಲ್ತಾ ಇದೀನಿ," ಅಂದು ಮತ್ತೆ ಕಿವಿ ಮುಳುಗಿಸಿದರು. ಉಳಿದ ಏಳು ಜನ ಗೋಡೆ ಮುಟ್ಟಿ, ಮೈ ಒರೆಸಿಕೊಂಡು, ಬಟ್ಟೆ ಬದಲಿಸಲು ಹೊರಟರು. ತೀರ್ಪುಗಾರರು ನಿಯಮದ ಪುಸ್ತಕ ಮೂರು ಸಲ ತಿರುವಿದರು. ಹೇಗೆ ಬೇಕಾದರೂ ಈಜಬಹುದು ಎಂದಿತ್ತು. ಬೇಗ ಮುಗಿಸಬೇಕೆಂದು ಎಲ್ಲೂ ಇರಲಿಲ್ಲ. ಸ್ಪರ್ಧೆಯೇ ನಿಂತು ಕಾಯಿತು. ಮೇಷ್ಟ್ರು ಊದಿದರು, ಊದಿದರು, ಸೀಟಿಯೊಳಗಿನ ಗುಂಡೇ ಹೊರಗೆ ಹಾರಿತು. ಅತ್ತೆ, "ಎಲ್ಲರೂ ನೋಡ್ತಿದಾರೆ, ಏಳೇ!" ಎಂದು ಕೂಗಿದರು. ಗಂಡ ಎದ್ದು ನಿಂತು, "ಲೇ, ಕಾರಿನ ಬೀಗದಕೈ ಎಲ್ಲಿಟ್ಟೆ?" ಎಂದರು.

ಅಕ್ಕನಿಗೆ ಒಂದೂ ಕೇಳಲಿಲ್ಲ. ನಾನಂತೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಸರಿಯಾಗಿ ಹತ್ತು ನಿಮಿಷಕ್ಕೆ ಮಗುಚಿ, ಉಳಿದದ್ದನ್ನು ನೀಟಾಗಿ ಈಜಿ ಗೋಡೆ ಮುಟ್ಟಿದರು. ಬರೆದಿದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಇಲ್ಲವಲ್ಲ. ಎಂಟರಲ್ಲಿ ಎಂಟನೆಯ ಸ್ಥಾನ.

ಮೇಷ್ಟ್ರು ಮೂರು ದಿನ ಮಾತು ಬಿಟ್ಟರು. ಆದರೆ ಅಷ್ಟರಲ್ಲಿ ನಾವು ಹದಿಮೂರು ಜನವೂ ನಮಗೂ ತೇಲಬೇಕು ಎಂದು ಹಟ ಹಿಡಿದಿದ್ದೆವು. ನಾಲ್ಕನೆಯ ದಿನ ಬೋರ್ಡಿನ ಕೊನೆಯಲ್ಲಿ ಹೊಸ ಸಾಲು: 'ಅಂಗಾತ ತೇಲುವುದು, ಹತ್ತು ನಿಮಿಷ.' ಗೆದ್ದೆವು ಅಂದುಕೊಂಡು ನೀರಿನ ಮೇಲೆ ಮಲಗಿದೆವು. ಮೇಷ್ಟ್ರು ಹೊಸ ಸೀಟಿ, ಹಳೆ ಸ್ಟಾಪ್‌ವಾಚು ಹಿಡಿದು ಪೆಟ್ಟಿಗೆ ಹತ್ತಿದರು.

"ಮೂರನೇ ಸಾಲಿನವರು, ಹೊಟ್ಟೆ ಮೇಲೆತ್ತಿ! ಗದ್ದ ಎತ್ತಿ! ಇನ್ನೂ ಏಳು ನಿಮಿಷ! ತೇಲಿ, ತೇಲಿ! ಸೋಮಾರಿಗಳ ಹಾಗೆ ತೇಲಬೇಡಿ!"

ನಾನು ತಲೆ ಎತ್ತಿದ್ದಕ್ಕೆ ಇದೆಲ್ಲ ಕೇಳಿಸಿತು. ಪಕ್ಕದ ಸಾಲಿನಲ್ಲಿ ಅಕ್ಕ ಕಣ್ಣು ತೆರೆದುಕೊಂಡು, ತೆರೆದು ಮುಚ್ಚುತ್ತಿದ್ದ ಮೇಷ್ಟ್ರ ಬಾಯಿಯನ್ನೇ ನೆಮ್ಮದಿಯಾಗಿ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, ಒಂದು ಕಿವಿ ಮಾತ್ರ ನೀರಿನಿಂದ ಎತ್ತಿ ಕೇಳಿದರು:

"ಸಾರ್ ಏನೋ ಹೇಳ್ತಿರೋ ಹಾಗಿದೆಯಲ್ಲ, ಏನಂತೆ?"

"ಏನಿಲ್ಲ ಅಕ್ಕಾ," ಅಂದೆ, "ನೀರು ಬಂದಿಲ್ವಂತೆ."

"ಕಳಿಸ್ತೀವಿ ಅನ್ನಿ," ಎಂದು ಅಕ್ಕ ಆ ಕಿವಿಯನ್ನೂ ಮುಳುಗಿಸಿದರು.