ಬೆನ್ನು ಕಾಯುತ್ತಿದ್ದ ಚಿಕ್ಕವ್ವ

ನಮ್ಮ ಚಿಕ್ಕವ್ವನ ಎಡಗೈ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು. ಅವರೆಕಾಳು ಹಿತುಕಿ ಹಿತುಕಿ ಹಾಗಾಗಿದೆ ಎಂದು ಕ್ವಾರ್ಟರ್ಸಿನ ಹೆಂಗಸರು ತಿಳಿದಿದ್ದರು. ಕೇಳಿದರೆ ಚಿಕ್ಕವ್ವನೂ ಹೂಂ ಅನ್ನುತ್ತಿದ್ದಳು. ಅದು ವಿಡಿಯೋ ಗೇಮಿನ ಕಂಟ್ರೋಲರ್ ಮೇಲಿನ ಪುಟ್ಟ ಗುಬುಟನ್ನು ಒತ್ತಿ ಒತ್ತಿ ಬಂದ ಜಡ್ಡು ಎಂದು ಗೊತ್ತಿದ್ದದ್ದು ಮನೆಯವರಿಗೆ ಮತ್ತು ನನಗೆ ಮಾತ್ರ.

ಅವಳು ನಮ್ಮವ್ವನ ತಂಗಿ. ಚಿಕ್ಕಪ್ಪ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸದಲ್ಲಿದ್ದರು, ಅಲ್ಲಿಯ ಕ್ವಾರ್ಟರ್ಸಿನಲ್ಲೇ ಮನೆ. ವರ್ಗವಾಗಿ ಹೋಗುತ್ತಿದ್ದ ಇಂಜಿನಿಯರೊಬ್ಬರ ಮನೆಯಿಂದ ಟಿವಿಗೆ ಸಿಗಿಸಿ ಆಡುವ ಆ ಕನ್ಸೋಲನ್ನು ಮಗನಿಗೆಂದು ತಂದರು. ಮಗ ಬೇಸರಪಟ್ಟು ಕ್ರಿಕೆಟ್ಟಿಗೆ ಓಡಿದ. ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದ ಚಿಕ್ಕವ್ವ, ಒಂದು ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಅದರ ಕಂಟ್ರೋಲರನ್ನು ಕೈಗೆತ್ತಿಕೊಂಡಳು. ಮತ್ತೆ ಕೆಳಗಿಡಲಿಲ್ಲ.

ನಾನಾಗ ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದೆ. ಮನೆ ಮಳವಳ್ಳಿ. ಭಾನುವಾರ ಬಂತೆಂದರೆ ಬ್ಲಫಿನ ಬಸ್ಸು ಹತ್ತುತ್ತಿದ್ದೆ. ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಇಬ್ಬರೂ ಕೂರುತ್ತಿದ್ದೆವು. ಟಿವಿ ಪರದೆ ಎರಡು ಭಾಗವಾಗುತ್ತಿತ್ತು, ಮೇಲಿನದು ಅವಳದು, ಕೆಳಗಿನದು ನನ್ನದು. ಬಂದೂಕು ಹಿಡಿದ ಇಬ್ಬರು ಸಿಪಾಯಿಗಳು ನಾವು. ನಾನು ಮುಂದೆ ನುಗ್ಗುವವಳು, ಅವಳು ಹಿಂದಿನಿಂದ ಬರುವವರನ್ನು ಹೊಡೆಯುವವಳು.

"ನಿನ್ ಬೆನ್ನ ನಾನ್ ನೋಡ್ಕತೀನಿ, ನೀ ಮುಂದಕ್ಕೋಗು ಮಗ," ಅನ್ನುತ್ತಿದ್ದಳು. ಪ್ರತಿ ಆಟ ಶುರುವಾಗುವಾಗಲೂ ಅದೇ ಮಾತು.

ನಮ್ಮ ಮನೆಯಲ್ಲಿ ಅಣ್ಣ ಜೋಡಿಸಿಟ್ಟ ಕಂಪ್ಯೂಟರ್ ಇತ್ತು. ನನಗೆ ಅದರಲ್ಲೇ ಆಡುವ ಚಟ. ಮೌಸಿನಲ್ಲಿ ಗುರಿ ಕೂದಲೆಳೆಯಷ್ಟು ನಿಖರ. ಆಟ ಮುಗಿಯಿತು ಅಂದುಕೊಂಡರೆ ಯಾವುದೋ ದೇಶದ ಯಾರೋ ಹೊಸ ಕೋಟೆ, ಹೊಸ ಊರು ಕಟ್ಟಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಾಕಿರುತ್ತಾರೆ. ಇಳಿಸಿಕೊಂಡರೆ ಅದೇ ಆಟ ಮತ್ತೆ ಹೊಸದು. "ನಿನ್ನ ಡಬ್ಬದಲ್ಲಿ ಏನಿದೆ ಚಿಕ್ಕವ್ವ? ಗುರಿ ಶತ್ರುವಿನ ಹತ್ತಿರ ಹೋದರೆ ಸಾಕು, ಡಬ್ಬವೇ ಎಳೆದು ಅವನ ಮೇಲೆ ಕೂರಿಸುತ್ತೆ. ಹೊಡೆಯೋದು ನೀನಲ್ಲ, ಅದು," ಎಂದು ರೇಗಿಸುತ್ತಿದ್ದೆ.

"ಓಗೇ, ನಿನ್ ಕಂಪ್ಯೂಟ್ರು ಆಡಾಕೆ ಕುಂತ್ರೆ ಒಂಟಿ ಪಿಸಾಚಿ. ಪಕ್ದಲ್ಲಿ ಒಂದ್ ನರಪಿಳ್ಳೆ ಇಲ್ಲ. ಮದ್ಯದಲ್ಲಿ ಕರೆಂಟು ಓದ್ರೆ ಅದೂ ಇಲ್ಲ. ಇಲ್ಲುಟ್ಟೋ ಕರೆಂಟು ನಿಮ್ಮೂರ್ಗೆ ಬರೋ ಒತ್ಗೆ ಸುಸ್ತಾಗೋಗಿರ್ತದೆ ಕಣವ್ವ."

ಆಡಿದ್ದನ್ನೇ ಆಡಲು ಬೇಸರವಾಗುವುದಿಲ್ಲವೇ ಎಂದರೆ ಅವಳ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. "ಬಸ್ಸಾರು ಎಳ್ಡನೇ ದಿನ್ಕೇ ಕಣೇ ರುಚಿ." ಒಂದು ಹಂತವನ್ನು ಮೊದಲು ಬಂದೂಕಿನಲ್ಲಿ ಮುಗಿಸುವಳು, ಆಮೇಲೆ ಬರೀ ಚಾಕುವಿನಲ್ಲಿ, ಆಮೇಲೆ ಒಂದೂ ಗುಂಡು ತಗುಲಿಸಿಕೊಳ್ಳದೆ. ನನ್ನ ಕಂಪ್ಯೂಟರಿನ ನೂರು ಹೊಸ ಕೋಟೆಗಳಲ್ಲಿ ಸಿಗದ ಸುಖ ಅವಳ ಹಳೇ ಕೋಟೆಯೊಂದರಲ್ಲೇ ಇತ್ತು ಎಂದು ಈಗ ಒಪ್ಪುತ್ತೇನೆ. ಆದರೆ ಅದು ಪಕ್ಕದಲ್ಲಿ ಕೂತವಳ ಗುಣವೋ ಡಬ್ಬದ ಗುಣವೋ ಹೇಳಲಾರೆ.

ಒಂದು ನಿಯಮವಿತ್ತು, ಅವಳೇ ಮಾಡಿದ್ದು. ಹೊಸ ಹಂತವನ್ನು ಮೊದಲ ಸಲ ಇಬ್ಬರೂ ಒಟ್ಟಿಗೇ ನೋಡಬೇಕು. ಒಮ್ಮೆ ಅವಳ ಮಗ ನನ್ನ ಬದಲು ಕೂತು, ತನಗೇನೂ ಗೊತ್ತಿಲ್ಲದವನಂತೆ ಆಡತೊಡಗಿದ. ಚಿಕ್ಕವ್ವ ಅವನ ತಲೆಗೊಂದು ಮೊಟಕಿದಳು. "ಕದ್ದಾಡಿದ್ದೀಯ ಕಣ್ಲಾ. ಗೊತ್ತಿಲ್ದೋನು ಸದ್ದಾದ್ ಮ್ಯಾಕೆ ತಿರುಗ್ತಾನೆ, ಗೊತ್ತಿರೋನು ಮೊದ್ಲೇ ತಿರುಗ್ತಾನೆ." ಅವನು ತಲೆ ಸವರಿಕೊಳ್ಳುತ್ತಾ ಎದ್ದು ಹೋದ.

ಇಬ್ಬರೂ ಟಿವಿ ನೋಡುತ್ತಿರುವಾಗ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಹಾಗಾಗಿ ಅವ್ವನಿಗೆ ಹೇಳಲಾಗದ್ದೆಲ್ಲ ಅವಳಿಗೆ ಹೇಳುತ್ತಿದ್ದೆ. ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ನನಗೆ ಬೇಕಿದ್ದದ್ದು ಒಂದು ವರ್ಷ. ಓದು ಮುಗಿಸಿ, ಕೆಲಸಕ್ಕೆ ಸೇರಿ, ಆಮೇಲೆ ಯಾರ ಮುಂದೆ ಬೇಕಾದರೂ ಕೂರುತ್ತೇನೆ, ಅಲ್ಲಿಯವರೆಗೆ ಅವ್ವನನ್ನು ತಡೆದು ನಿಲ್ಲಿಸು ಎಂದು ಕೇಳಿಕೊಂಡೆ. ಅವ್ವ ಕೇಳುತ್ತಿದ್ದದ್ದು ಈ ತಂಗಿಯ ಮಾತನ್ನು ಮಾತ್ರ.

"ನಿಮ್ಮವ್ವನ್ ನಂಗ್ಬುಡು. ಬೆನ್ನ ನಾನ್ ನೋಡ್ಕತೀನಿ ಅಂತ ಏಳಿಲ್ವಾ?" ಅಂದಳು. ನಾನು ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ.

ಪರೀಕ್ಷೆ ಹತ್ತಿರವಿದ್ದಾಗ ಅವಳೇ ಫೋನು ಮಾಡಿದಳು. "ಕೊನೇ ಸ್ಟೇಜು ಉಳ್ಕಂಡದೆ. ಈ ಬಾನುವಾರ ಬಾ, ಮುಗಿಸ್ಬುಡನ." ಹೋದೆ. ಮನೆಯ ತುಂಬ ತುಪ್ಪದ ಘಮ. ಕೇಸರಿಬಾತು ಯಾರಿಗೆ ಎಂದರೆ, "ನಿಂಗೇ ಕಣವ್ವ, ಇನ್ಯಾರ್ಗೆ?" ಅಂದಳು.

ಆಟ ಶುರುವಾಯಿತು. ಉದ್ದನೆಯ ಕತ್ತಲೆ ಹಜಾರ, ಏನೂ ಸದ್ದಿಲ್ಲ. ಪರದೆಯ ಮೇಲಿನ ಭಾಗದಲ್ಲಿ ಚಿಕ್ಕವ್ವನ ಸಿಪಾಯಿ ಥಟ್ಟನೆ ಎಡಗಡೆಯ ಬಾಗಿಲಿಗೆ ತಿರುಗಿ ಬಂದೂಕು ಎತ್ತಿದ. ಆಮೇಲೆ ಆ ಬಾಗಿಲು ಒಡೆದು ಶತ್ರುಗಳು ನುಗ್ಗಿದರು.

"ಚಿಕ್ಕವ್ವ, ಇದನ್ನ ಮೊದಲೇ ಆಡಿದ್ದೀಯಾ?"

"ಇಲ್ಲ ಕಣೇ, ನಿನ್ನಾಣೆ."

ಮುಂದಿನ ಹಜಾರಕ್ಕೆ ಕಾಲಿಟ್ಟೆವು. ಚಿಕ್ಕವ್ವ ಈ ಸಲ ಟಿವಿಯಿಂದ ಕಣ್ಣು ಕಿತ್ತು ಮನೆಯ ಬಾಗಿಲ ಕಡೆ ತಿರುಗಿದಳು. ಆಮೇಲೆ ಹೊರಗೆ ಕಾರು ನಿಂತ ಸದ್ದು ಕೇಳಿಸಿತು. ಅವಳೇ ಆಟ ನಿಲ್ಲಿಸಿ, "ಆಮ್ಯಾಕೆ ಆಡನ, ಎದ್ದೇಳು," ಅಂದಳು.

ನಿಡಘಟ್ಟದಿಂದ ಗಂಡಿನ ಕಡೆಯವರು ಬಂದಿದ್ದರು. ಅವರ ಹಿಂದೆಯೇ ನಮ್ಮವ್ವ, ಅಪ್ಪ. ಒಳಕೋಣೆಯಲ್ಲಿ ರೇಷ್ಮೆ ಸೀರೆ ಇಸ್ತ್ರಿಯಾಗಿ ಕೂತಿತ್ತು, ಪಕ್ಕದಲ್ಲಿ ಹೊಸ ರವಿಕೆ. ಹಾಕಿ ನೋಡಿದರೆ ನನ್ನ ಅಳತೆಯದೇ. ಹೋದ ತಿಂಗಳು ಚಿಕ್ಕವ್ವ ನನ್ನ ರವಿಕೆಯೊಂದನ್ನು, ಇದರ ಕತ್ತು ಚೆನ್ನಾಗಿದೆ, ನನಗೂ ಹೀಗೇ ಹೊಲಿಸಿಕೊಳ್ಳುತ್ತೇನೆ ಎಂದು ಒಯ್ದಿದ್ದಳು. ಆ ರವಿಕೆ ನೋಡಿದಾಗ ಆದಷ್ಟು ಅವಮಾನ ನನಗೆ ಗಂಡಿನವರ ಮುಂದೆ ಕೂತಾಗಲೂ ಆಗಲಿಲ್ಲ.

ಬಂದವರು ಒಳ್ಳೆಯವರೇ. ಆ ಹುಡುಗನ ಅಜ್ಜಿ ನನ್ನ ಕೈ ಹಿಡಿದು ಮಾತಾಡಿಸಿದರು. ಅವರಿಗೇ ಹೇಳಿದೆ, "ನಾನಿನ್ನೂ ಓದ್ತಾ ಇದೀನಿ ಅಜ್ಜಿ, ಈಗ ಮದ್ವೆ ಆಗಲ್ಲ. ನಿಮ್ಮನ್ನ ಕರೆಸಿದ್ದು ನಂಗೆ ಗೊತ್ತಿರ್ಲಿಲ್ಲ." ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ಅಪ್ಪ ಬಹಳ ಕಾಲ ನನ್ನೊಡನೆ ಮಾತು ಬಿಟ್ಟರು. ನಾನು ಬ್ಲಫಿನ ಬಸ್ಸು ಹತ್ತುವುದನ್ನು ಬಿಟ್ಟೆ. ಓದು ಮುಗಿಸಿದೆ, ಮದ್ದೂರಿನಲ್ಲಿ ಮೇಡಂ ಆದೆ, ನನಗೆ ಬೇಕೆನಿಸಿದಾಗ ಮದುವೆಯೂ ಆದೆ. ಚಿಕ್ಕವ್ವ ಮದುವೆಗೆ ಬಂದಳು. ಅಕ್ಷತೆ ಹಾಕಿಸಿಕೊಂಡೆ, ಮುಖ ನೋಡಲಿಲ್ಲ.

ಚಿಕ್ಕಪ್ಪ ನಿವೃತ್ತರಾದ ಮೇಲೆ ಅವರು ಮಳವಳ್ಳಿಗೆ ಬಂದರು. ಚಿಕ್ಕವ್ವನಿಗೆ ಕಿಡ್ನಿ ಕೈಕೊಟ್ಟಿತು. ಅವ್ವ ಬೈದು ಬೈದು ನನ್ನನ್ನು ಕಳಿಸಿದಳು. ಟಿವಿಯ ಕೆಳಗೆ ಅದೇ ಕನ್ಸೋಲ್, ಮೇಲೊಂದು ಹಳೇ ಟವೆಲು. ಅವಳ ಕೈ ಊದಿಕೊಂಡಿತ್ತು, ಹೆಬ್ಬೆರಳಿನ ಜಡ್ಡು ಮಾಯವಾಗಿತ್ತು. ಕ್ಷೇಮ ಸಮಾಚಾರ ಕೇಳಲು ಹೋದವಳ ಬಾಯಿಂದ ಬಂದದ್ದು ಬೇರೆಯೇ.

"ಚಿಕ್ಕವ್ವ, ಕೊನೇ ಸ್ಟೇಜು ಮೊದಲೇ ಆಡಿದ್ದೆ, ಅಲ್ವಾ?"

ಅವಳು ಯಾವ ಆಟ, ಯಾವ ದಿನ ಎಂದು ಕೇಳಲಿಲ್ಲ. "ಊಂ ಕಣವ್ವ. ಇಂದ್ಲ ದಿನ್ವೇ ಆಡ್ಕಂಬುಟ್ಟೆ."

"ಯಾಕೆ?"

"ಅವ್ರು ಬತ್ತಾರೆ, ಆಟ ಅರ್ದಕ್ಕೆ ನಿಲ್ತದೆ ಅಂತ ಗೊತ್ತಿತ್ತಲ್ಲ ನಂಗೆ." ಟಿವಿಯ ಕೆಳಗಿನ ಟವೆಲಿನ ಕಡೆ ನೋಡುತ್ತಾ ಹೇಳಿದಳು, "ಆಮ್ಯಾಕೆ ನೀನು ನನ್ ಪಕ್ದಲ್ಲಿ ಕುಂತ್ಕಳಲ್ಲ ಅಂತ್ಲೂವೆ ಗೊತ್ತಿತ್ತು."

ಗೊತ್ತಿದ್ದೂ ಮಾಡಿದಳು. ಅವ್ವ ಅತ್ತಿರಬೇಕು, ಅದಕ್ಕೆ ಕರಗಿ, ಏನಾಗುತ್ತದೆಂದು ತಿಳಿಯದೆ ಮಾಡಿರಬೇಕು ಎಂದು ಅಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆ ಒಂದು ಸಮಾಧಾನವನ್ನೂ ಅವಳು ನನಗೆ ಉಳಿಸಲಿಲ್ಲ. ಎದ್ದು ಬಂದೆ. ಆ ಮಳೆಗಾಲದಲ್ಲೇ ಹೋಗಿಬಿಟ್ಟಳು. ನಾನು ಅತ್ತೆ, ಆದರೆ ಸಿಟ್ಟಿಳಿದು ಅತ್ತದ್ದಲ್ಲ.

ಆ ಆಟ ಈಗ ಕಂಪ್ಯೂಟರಿಗೂ ಸಿಗುತ್ತದೆ. ತೆಗೆದುಕೊಂಡು ಕೊನೆಯ ಹಂತವನ್ನು ಮುಗಿಸಿದ್ದೇನೆ, ಬಂದೂಕಿನಲ್ಲಿ, ಚಾಕುವಿನಲ್ಲಿ, ಗುಂಡು ತಗುಲಿಸಿಕೊಳ್ಳದೆ, ಅವಳು ಕಲಿಸಿದ ಹಾಗೇ. ಜೊತೆಯ ಸಿಪಾಯಿಯನ್ನು ಕಂಪ್ಯೂಟರೇ ಆಡಿಸುತ್ತದೆ. ಅವನು ಯಾವತ್ತೂ ಸದ್ದಾದ ಮೇಲೇ ತಿರುಗುತ್ತಾನೆ. ಎಡಗಡೆಯ ಬಾಗಿಲಿಗೆ ಮೊದಲೇ ತಿರುಗಿ ನಿಲ್ಲುವವಳು ಈಗ ನಾನೊಬ್ಬಳೇ.