ನಾನು ಕತ್ತರಿಸಿದ ಸದ್ದು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬೇರೇನನ್ನೋ ಬರೆದು ಎದ್ದಿದ್ದೇನೆ. ವಯಸ್ಸಾಯಿತು, ಇನ್ನು ಮುಂದೂಡುವುದು ಸರಿಯಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆಲವು ರೇಷ್ಮೆ ಬೆಳೆಗಾರರು ಸೇರಿ ಮೊಬೈಲಿನಲ್ಲಿ ಒಂದು ಧ್ವನಿ ಸಂಗ್ರಹ ಶುರು ಮಾಡಿದೆವು. ಓದು ಬಾರದವರೂ ಕೇಳಿ ಕಲಿಯಲಿ ಎಂಬ ಆಸೆ. ಗೊತ್ತಿದ್ದವರು ಮಾತಾಡಿ ಕಳಿಸಬೇಕು, ಕೆಳಗೆ ಅವರ ಹೆಸರು ಹಾಕಬೇಕು. ಹತ್ತನೇ ತರಗತಿ ಪಾಸಾದವನೆಂದು, ಬೇಡದ್ದನ್ನು ತೆಗೆದು ಎಲ್ಲರಿಗೂ ಹಾಕುವ ಕೆಲಸ ನನಗೆ ಬಂತು.

ಗೌನಿಪಲ್ಲಿಯಿಂದ ಒಬ್ಬ ಅಕ್ಕ ಕಳಿಸುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು. ಹುಳು ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನು ಯಾವಾಗ ನಿಲ್ಲಿಸಬೇಕೆಂದು ಒಮ್ಮೆ ಹೇಳಿದರು. "ಮೂರು ದಿನ ಆಯ್ತಾ, ನಿಲ್ಸು" ಎಂದ ಮೇಲೆ ನನಗೆ ಬಾರದ ತೆಲುಗಿನಲ್ಲಿ ಏನೋ ಗೊಣಗಿದಂತಿತ್ತು. ಆಮೇಲೆ ಎರಡು ನಿಮಿಷ ಬರೀ ಚರಚರ ಸದ್ದು. ಫೋನ್ ಆಫ್ ಮಾಡಲು ಮರೆತಿದ್ದಾರೆ ಎಂದುಕೊಂಡೆ. ಆ ತೆಲುಗು ಕೇಳಿ ಮಾಲೂರಿನವರು ನಕ್ಕಾರು ಎಂದೂ ಅನ್ನಿಸಿತು. "ನಿಲ್ಸು" ಎಂಬಲ್ಲಿಗೇ ಕತ್ತರಿಸಿ ಹಾಕಿದೆ.

ಆ ಚಳಿಗಾಲ ಮುಳಬಾಗಿಲಿನಲ್ಲಿ ಎಲ್ಲರೂ ಸೇರಿದಾಗ ಅಲ್ಲಿನ ಬೆಳೆಗಾರರೊಬ್ಬರು ಎದ್ದು ನಿಂತರು. "ಏನಕ್ಕಾ, ನಿನ್ ಮಾತ್ ಕೇಳಿ ಮೂರನೇ ದಿನಕ್ಕೆ ಸೊಪ್ಪು ನಿಲ್ಸಿದೆ. ಹುಳ ಹಸ್ಕೊಂಡು ಸೊರಗೋಯ್ತು. ಈ ಸಲದ ಬೆಳೆಯೇ ಹೋಯ್ತಲ್ಲ."

ನನಗೆ ಥಟ್ಟನೆ ಆ ಚರಚರ ನೆನಪಾಯಿತು. ಅದು ಹುಳು ಸೊಪ್ಪು ಮೇಯುವ ಸದ್ದು. ಅಕ್ಕ ಫೋನನ್ನು ಹುಳು ಸಾಕುವ ತಟ್ಟೆಯ ಹತ್ತಿರ ಹಿಡಿದು ಅದನ್ನೇ ಕೇಳಿಸಿದ್ದರು. ಬಾಯಿ ಬಿಡಬಹುದಿತ್ತು. ಟೀ ಕುಡಿಯುತ್ತಾ ಕೂತೆ.

ಅಕ್ಕ ನನ್ನ ಕಡೆ ಒಮ್ಮೆ ನೋಡಿದರು. "ನಾನೇ ಸರಿಯಾಗಿ ಹೇಳ್ಲಿಲ್ವೇನೋ, ಬಿಡಣ್ಣಾ" ಎಂದರು ಆ ಬೆಳೆಗಾರರಿಗೆ.

ಬಸ್ ನಿಲ್ದಾಣದಲ್ಲಿ ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಹುರಿದ ಕಡಲೇಕಾಯಿ ಹಾಕಿದರು. "ತಿನ್ನಣ್ಣಾ, ಕೋಲಾರದ ಬಸ್ಸು ಲೇಟು." ತಿಂದೆ. ಆಮೇಲೆ ಅವರು ಏನನ್ನೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ.

ಕತ್ತರಿಸದ ಮೂಲ ನನ್ನ ಫೋನಿನಲ್ಲೇ ಇದೆ. ಆಮೇಲೊಮ್ಮೆ ತೆಲುಗು ಬಲ್ಲ ಪಕ್ಕದ ಮನೆಯವರಿಗೆ ಕೇಳಿಸಿ ಅರ್ಥ ತಿಳಿದುಕೊಂಡೆ: "ಚಳೀಲಿ ಹುಳ ನಿಧಾನ, ದಿನ ಎಣಿಸ್ಬೇಡಣ್ಣಾ. ಈ ಸದ್ದು ಕೇಳು. ಇದು ತೆಳ್ಳಗಾದಾಗ ಸೊಪ್ಪು ನಿಲ್ಸು."

ಹೋದ ವಾರ ಮಾಲೂರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಜೊತೆಗಾರರು ಫೋನ್ ಮಾಡಿದ್ದರು. ಹಳೆಯದನ್ನೆಲ್ಲ ಹೊಸದಾಗಿ ಜೋಡಿಸುತ್ತಿದ್ದಾರೆ.

"ಸೊಪ್ಪಿನದು ತೆಗೆದ್ಬಿಡ್ಲಾ ಅಣ್ಣಾ? ಅದು ತಪ್ಪು ಅಂತಾರೆ."

"ತೆಗೀಬೇಡಿ. ಪೂರ್ತಿದು ಕಳಿಸ್ತೀನಿ. ಹೇಳಿದ್ದು ಅಕ್ಕ, ಕತ್ತರಿಸಿದ್ದು ನಾನು ಅಂತ ಕೆಳಗೆ ಬರೀರಿ."

ಅವರು ಬರೆದುಕೊಂಡು, "ಅಕ್ಕಂಗೆ ಹೇಳಿದ್ರಾ?" ಎಂದರು.

ಇಲ್ಲ. ಊರೆಲ್ಲ ಕೇಳುವ ಹಾಗೆ ಒಪ್ಪಿಕೊಂಡವನಿಗೆ ಆ ಒಂದು ನಂಬರ್ ಒತ್ತಲು ಇನ್ನೂ ಕೈ ಬಂದಿಲ್ಲ. ನಾನು ಕ್ಷಮೆ ಕೇಳಬೇಕಾಗಿರುವುದು ಅವರನ್ನು, ಗೌನಿಪಲ್ಲಿಯ ಅಕ್ಕನನ್ನು.