ಕೆಂಚಮ್ಮ ಹದಮಾಡಿದ ಹಾಳೆ

ಅಕ್ಕೂರಿನಲ್ಲಿ ಕೆಂಚಮ್ಮನ ಹುಳದ ಮನೆ ಯಾವುದೆಂದು ಯಾರನ್ನು ಬೇಕಾದರೂ ಕೇಳಿ, ಕೈ ತೋರಿಸುತ್ತಾರೆ. ಮೂವತ್ತು ವರ್ಷ ರೇಷ್ಮೆಹುಳ ಮೇಯಿಸಿದ ಕೈ ಅವಳದು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅವಳಂತೆ ಚಂದ್ರಿಕೆಗೆ ಬಿಡುವವರು ಸುತ್ತ ಏಳೂರಲ್ಲಿಲ್ಲ. ಬಿದಿರಿನ ಆ ತಟ್ಟಿಯ ಮೇಲೆ ಒತ್ತೊತ್ತಾಗಿ ಬಿಟ್ಟರೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟುತ್ತವೆ. ಜೋಡಿಗೂಡಿನ ಎಳೆ ಸಲೀಸಾಗಿ ಬಿಚ್ಚುವುದಿಲ್ಲ. ಕೆಂಚಮ್ಮನ ಚಂದ್ರಿಕೆಯಲ್ಲಿ ಜೋಡಿಗೂಡು ಹುಡುಕಿದರೂ ಸಿಗದು. ಓದುಬರಹ ಮಾತ್ರ ಅವಳ ಹತ್ತಿರ ಸುಳಿದದ್ದಿಲ್ಲ.

ಅಂಥವಳು ಒಂದು ಮಧ್ಯಾಹ್ನ ಮಗಳು ನವ್ಯಶ್ರೀಯ ಜೊತೆ ಚನ್ನಪಟ್ಟಣದ ಡಿಟಿಪಿ ಅಂಗಡಿಯಲ್ಲಿ ಕುಳಿತಿದ್ದಳು. ಮಗಳಿಗೆ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಕೀಟಶಾಸ್ತ್ರ ಓದುವ ಆಸೆ. ತಾನು ಯಾರು, ಯಾಕೆ ಓದಬೇಕು ಎಂಬುದನ್ನು ಒಂದೇ ಪುಟದಲ್ಲಿ ಬರೆದು ಸಂಜೆ ಐದರೊಳಗೆ ಕಳಿಸಬೇಕು. ಪುಟ ಮೀರಿದರೆ ಅರ್ಜಿಯನ್ನೇ ಓದುವುದಿಲ್ಲವಂತೆ. ನವ್ಯ ಬರೆದದ್ದು ಎರಡೂವರೆ ಪುಟ.

ಅಂಗಡಿಯ ಅಶ್ವಥ್ ಮದುವೆ ಕಾರ್ಡಿನಲ್ಲಿ ಪಳಗಿದವನು. ಅಕ್ಷರ ಕುಗ್ಗಿಸಿ, ಅಂಚಿನ ಜಾಗ ತಿಂದು, ಎಲ್ಲವನ್ನೂ ಒಂದೇ ಹಾಳೆಗೆ ತುರುಕಿದ. ಸುತ್ತ ಬಳ್ಳಿಯ ಬಾರ್ಡರ್ ಎಳೆದು, ಮೇಲೊಬ್ಬ ಗಣಪನನ್ನೂ ಕೂರಿಸಿ ಪ್ರಿಂಟ್ ಕೊಟ್ಟ.

“ನೋಡಕ್ಕಾ, ಲಗ್ನಪತ್ರಿಕೆ ಇದ್ದಂಗೈತೆ.”

“ಗಂಡು ಎಲ್ಲಪ್ಪಾ ಮತ್ತೆ?” ಅಂದಳು ಕೆಂಚಮ್ಮ.

ಹಾಳೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದಳು. “ಇದೇನವ್ವಾ, ಹಿಂಗೆ ಒತ್ತೊತ್ತಾಗಿ ಬುಟ್ಟಿದ್ದೀಯ? ಎಲ್ಲಾ ಜೋಡಿಗೂಡಾಯ್ತದೆ. ಓದೋರು ಎಳೆ ಹೆಂಗ್ ಹಿಡಿದಾರು?”

“ಜಾಗ ಇಲ್ಲ ಕಣವ್ವ.”

“ಜಾಗ ಇಲ್ದಿದ್ರೆ ಹುಳ ಕಮ್ಮಿ ಮಾಡು. ಒಂದೊಂದೇ ಓದು.”

ನವ್ಯ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ ತಿರುಗಿಸುತ್ತ ಹೋದಳು. ಚಿಕ್ಕಂದಿನಿಂದಲೂ ವಿಜ್ಞಾನಿಯಾಗುವ ಕನಸು. “ಎಲ್ರೂ ಅಂಗೇ ಅಂತಾರೆ, ಎತ್ತಾಕು.” ಭಾಷಣದ ಬಹುಮಾನ. “ಅದರ ಸರ್ಟಿಫಿಕೇಟ್ ಬ್ಯಾರೆ ಕಳಿಸ್ತಿದ್ದೀಯಲ್ಲ, ಎತ್ತಾಕು.” ಆಮೇಲೆ ಬಂತು, ಸುಣ್ಣಕಟ್ಟು ರೋಗಕ್ಕೆ ಅರ್ಧ ಹುಳ ಸತ್ತ ವರ್ಷದ ಸಂಗತಿ. ನವ್ಯ ಹದಿನೈದು ದಿನ ಹುಳದ ಮನೆಯ ತೇವ, ಶಾಖ ಬರೆದಿಟ್ಟು ಕಾರಣ ಪತ್ತೆಮಾಡಿದ್ದಳು. ಹಾಳೆಯಲ್ಲಿ ಅದು ಎರಡೇ ಸಾಲಾಗಿ ಮೂಲೆಯಲ್ಲಿ ಮುದುಡಿಕೊಂಡಿತ್ತು.

ಕೆಂಚಮ್ಮ ಬೆರಳೆತ್ತಿದಳು. “ಇದು ಹಣ್ಣಾಗಿರೋ ಹುಳ. ಮೊದ್ಲು ಇದನ್ನ ಇಡು. ಒಸಿ ಜಾಗ ಬುಟ್ಟು ಇಡು.”

“ಗಣಪನಾದ್ರೂ ಇರ್ಲಿ ಕಣಕ್ಕಾ,” ಅಂದ ಅಶ್ವಥ್.

“ಅವನು ಮನೇಲವ್ನೆ ಬುಡಪ್ಪ.”

ನಾಲ್ಕೂಮುಕ್ಕಾಲಿಗೆ ಹಾಳೆ ಹೋಯಿತು. ನಾಲ್ಕು ಪ್ಯಾರಾ, ನಡುನಡುವೆ ಉಸಿರಾಡುವಷ್ಟು ಬಿಡುವು, ಸುತ್ತ ಬೆರಳಗಲ ಬಿಳಿ ಅಂಚು, ಕಣ್ಣಿಗೆ ದಕ್ಕುವ ಅಕ್ಷರ.

ಸಂದರ್ಶನದಲ್ಲಿ ಕೇಳಿದ್ದೆಲ್ಲ ಸುಣ್ಣಕಟ್ಟು ರೋಗದ ಬಗ್ಗೆಯೇ. ಸೀಟು ಸಿಕ್ಕಿತು. ಆ ಹಾಳೆಯ ಒಂದು ಪ್ರತಿಯನ್ನು ಕೆಂಚಮ್ಮ ಹುಳದ ಮನೆಯ ಬಾಗಿಲ ಪಕ್ಕ ಅಂಟಿಸಿದ್ದಾಳೆ. ಮೊನ್ನೆ ಚಂದ್ರಿಕೆ ಕೇಳಿಕೊಂಡು ಬಂದ ಪಕ್ಕದ ಮನೆಯ ಬೋರಲಿಂಗಯ್ಯ ಅದನ್ನು ಕಂಡು ನಕ್ಕ.

“ಇಂಗ್ಲೀಸ್ ಓದಕ್ಕೆ ಯಾವಾಗ ಕಲ್ತ್ಕೊಂಡೆ ಕೆಂಚಮ್ಮ?”

“ಓದಕ್ಕೆ ಬರಾಕಿಲ್ಲ ಕಣಣ್ಣ,” ಎಂದಳು ಅವಳು, ಹಾಳೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ. “ಬರ್ದೋಳು ಮಗಳು. ಹಾಳೆಗೆ ಬುಟ್ಟೋಳು ನಾನು. ಎಲ್ಲಾದ್ರೂ ಒಂದು ಜೋಡಿಗೂಡು ಇದ್ರೆ ತೋರ್ಸು.”